ಓದುಗರ ಪ್ರಶ್ನೆ, ನಮ್ಮ ಉತ್ತರ: ನಡುಗುವ ಸಿಎನ್‌ಸಿ ರೌಟರ್

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ಹವ್ಯಾಸಿಗಳ ಸಣ್ಣ ಸಿಎನ್‌ಸಿ ರೌಟರ್‌ನ (ಕಂಪ್ಯೂಟರ್ ಆಜ್ಞೆಯಂತೆ ಮರ, ಲೋಹ ಕತ್ತರಿಸುವ ಯಂತ್ರ) ನಡುಕ, ಸಡಿಲ, ಅಲೆಅಲೆ ಅಂಚು ಮತ್ತು ಕಿರುಚುವ ಸದ್ದಿಗೆ ಸಂಬಂಧಿಸಿದವು. ಅಳತೆಗೆಂದು ಬಿಟ್ಟಿನ (ಕತ್ತರಿಸುವ ಅಲಗು) ಹತ್ತಿರ ಕೈ ಒಯ್ಯುವಾಗಲೆಲ್ಲ ಸ್ಪಿಂಡಲ್‌ನ (ಬಿಟ್ ತಿರುಗಿಸುವ ಮೋಟರ್) ಪ್ಲಗ್ ಕಿತ್ತಿರಬೇಕು. ಪ್ರತಿ ಉತ್ತರದಲ್ಲೂ ಇದನ್ನು ಮತ್ತೆ ಹೇಳಿಲ್ಲ.

ಪ್ರಶ್ನೆ: ನನ್ನದು 3018 ಮಾದರಿಯ ಯಂತ್ರ. ಪ್ಲೈವುಡ್ ಕತ್ತರಿಸಿದರೆ ಅಂಚು ಅಲೆಅಲೆಯಾಗಿ ಬರುತ್ತದೆ. ಬೋಲ್ಟ್‌ಗಳನ್ನೆಲ್ಲ ಬಿಗಿ ಮಾಡಿದ್ದಾಯಿತು, ಫಲವಿಲ್ಲ. ಚೌಕಟ್ಟನ್ನೇ ದಪ್ಪ ಪ್ರೊಫೈಲ್‌ಗೆ ಬದಲಿಸಲೇ?

ಉತ್ತರ: ಈಗಲೇ ಬೇಡ. ಎಲ್ಲಿ ಬಾಗುತ್ತಿದೆ ಎಂದು ತಿಳಿಯದೆ ಚೌಕಟ್ಟು ಬದಲಿಸಿದರೆ ದುಡ್ಡು ಹೋಗುತ್ತದೆ, ಅಲೆ ಉಳಿಯುತ್ತದೆ. ಇಂಥ ಯಂತ್ರಗಳಲ್ಲಿ ಹೊರಚೌಕಟ್ಟು ತಪ್ಪಿತಸ್ಥ ಆಗಿರುವುದು ಅಪರೂಪ. ಬಳುಕುವುದು ಚೌಕಟ್ಟಿಗೂ ಬಿಟ್ಟಿಗೂ ನಡುವೆ ಇರುವ ಭಾಗಗಳು: ಜಾರುವ ಬೇರಿಂಗ್, ತುದಿಗಳಲ್ಲಿ ಮಾತ್ರ ಆಧಾರವಿರುವ ದುಂಡು ಸರಳು, ಝಡ್ (ಮೇಲೆ-ಕೆಳಗಿನ) ಅಕ್ಷದ ಪ್ಲಾಸ್ಟಿಕ್ ಬ್ಲಾಕ್, ಸ್ಪಿಂಡಲ್ ಹಿಡಿಯುವ ಕ್ಲಾಂಪ್.

ಅಳೆಯಲು 0.01 ಮಿ.ಮೀ. ತೋರಿಸುವ ಡಯಲ್ ಗೇಜ್, ಅದರ ಮ್ಯಾಗ್ನೆಟ್ ಸ್ಟ್ಯಾಂಡ್ ಮತ್ತು ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಬೆಡ್ ಅಲ್ಯೂಮಿನಿಯಂ ಆದ್ದರಿಂದ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಉಕ್ಕಿನ ಪಟ್ಟಿಯೊಂದನ್ನು ಬೆಡ್‌ಗೆ ಬೋಲ್ಟ್ ಹಾಕಿ ಅದರ ಮೇಲೆ ಸ್ಟ್ಯಾಂಡ್ ನಿಲ್ಲಿಸಿ. ಎಳೆಯುವಾಗ ಮೋಟರ್‌ಗಳು ಹಿಡಿದುಕೊಂಡಿರಬೇಕು, ಹಾಗಾಗಿ ಕಂಟ್ರೋಲರ್ ಚಾಲೂ ಇರಲಿ. ಜಿಆರ್‌ಬಿಎಲ್‌ನಲ್ಲಿ (ಕಂಟ್ರೋಲರ್ ಒಳಗಿನ ತಂತ್ರಾಂಶ) $1=255 ಎಂದು ಕೊಟ್ಟು ಅಕ್ಷಗಳನ್ನು ಒಮ್ಮೆ ಸ್ವಲ್ಪ ಸರಿಸಿದರೆ, ನಿಂತ ಮೇಲೂ ಮೋಟರ್ ಹಿಡಿತ ಬಿಡುವುದಿಲ್ಲ.

ನೀವು ನಿಜವಾಗಿ ಕತ್ತರಿಸುವ ಎತ್ತರಕ್ಕೆ ಝಡ್ ಇಳಿಸಿ. ಕೊಲೆಟ್ (ಬಿಟ್ಟನ್ನು ಕಚ್ಚಿ ಹಿಡಿಯುವ ತೋಳು) ನಟ್‌ಗೆ ಗಟ್ಟಿ ದಾರ ಕಟ್ಟಿ, ತಕ್ಕಡಿಯಲ್ಲಿ 5 ಕೆ.ಜಿ. ಬರುವಷ್ಟು ಎಕ್ಸ್ (ಎಡ-ಬಲ) ದಿಕ್ಕಿಗೆ ಎಳೆಯಿರಿ. ಗೇಜ್‌ನ ಮೊನೆಯನ್ನು ಮೊದಲು ಕೊಲೆಟ್ ನಟ್‌ಗೆ, ಆಮೇಲೆ ಸ್ಪಿಂಡಲ್‌ನ ಮೈಗೆ, ಝಡ್ ಹಲಗೆಗೆ, ಎಕ್ಸ್ ಕ್ಯಾರೇಜ್‌ಗೆ, ಕೊನೆಗೆ ಗ್ಯಾಂಟ್ರಿಯ (ಸ್ಪಿಂಡಲ್ ಹೊತ್ತ ಅಡ್ಡತೊಲೆ) ಪಕ್ಕದ ತಟ್ಟೆಗೆ ತಾಗಿಸಿ. ಪ್ರತಿ ಸಲವೂ ಅದೇ 5 ಕೆ.ಜಿ. ಎಳೆದು ಅಂಕಿ ಬರೆದುಕೊಳ್ಳಿ. ಉದಾಹರಣೆಗೆ 0.40, 0.36, 0.31, 0.12, 0.03 ಎಂದು ಬಂತೆನ್ನಿ. 0.31 ಇದ್ದದ್ದು 0.12ಕ್ಕೆ ಇಳಿದದ್ದು ಝಡ್ ಹಲಗೆಗೂ ಎಕ್ಸ್ ಕ್ಯಾರೇಜ್‌ಗೂ ನಡುವೆ. ಒಟ್ಟು ಬಳುಕಿನ ಹತ್ತಿರಹತ್ತಿರ ಅರ್ಧ ಅಲ್ಲೇ ಇದೆ. ಚೌಕಟ್ಟನ್ನು ಎಷ್ಟೇ ದಪ್ಪ ಮಾಡಿದರೂ ಕಡಿಮೆಯಾಗುವುದು ಆ 0.03 ಮಾತ್ರ.

ಎಳೆತ ಬಿಟ್ಟಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದೂ ಮುಖ್ಯ. ಸೊನ್ನೆಗೆ ಮರಳಿದರೆ ಭಾಗ ಬಾಗಿ ನೆಟ್ಟಗಾಗಿದೆ, ಅಲ್ಲಿ ದಪ್ಪ ಅಥವಾ ಆಧಾರ ಹೆಚ್ಚಬೇಕು. ಮರಳದಿದ್ದರೆ ಎಲ್ಲೋ ಪ್ಲೇ (ಸಡಿಲ) ಇದೆ ಅಥವಾ ಬೋಲ್ಟ್ ಜಾರಿದೆ. 1, 2, 3 ಕೆ.ಜಿ. ಎಂದು ಏರಿಸುತ್ತಾ ನೋಡಿದರೆ ಇನ್ನೂ ಸ್ಪಷ್ಟ: ಮೊದಲ ಒಂದು ಕೆ.ಜಿ.ಗೇ ಮುಳ್ಳು ಜಿಗಿದು ಆಮೇಲೆ ನಿಧಾನವಾದರೆ ಅದು ಪ್ಲೇ. ಒಂದೇ ಸಮನೆ ಏರಿದರೆ ಬಳುಕು. ಎರಡಕ್ಕೂ ಮದ್ದು ಬೇರೆ. ಪ್ಲೇ ಇರುವ ಬೇರಿಂಗ್‌ಗೆ ದಪ್ಪ ಹಲಗೆ ಜೋಡಿಸಿ ಪ್ರಯೋಜನವಿಲ್ಲ.

ಸರಳೇ ಬಾಗುತ್ತಿದ್ದರೆ ಒಂದು ಲೆಕ್ಕ ನೆನಪಿರಲಿ: ದುಂಡು ಸರಳಿನ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ, ಉದ್ದದ ಘನಕ್ಕೆ ಇಳಿಯುತ್ತದೆ. 10 ಮಿ.ಮೀ. ಬದಲು 12 ಮಿ.ಮೀ. ಹಾಕಿದರೆ ಬಿಗಿತ ಎರಡು ಪಟ್ಟು. ಯಂತ್ರವನ್ನು ಉದ್ದ ಮಾಡುವ ಕಿಟ್‌ಗಳಲ್ಲಿ ಅದೇ ಸರಳು 300ರ ಬದಲು 450 ಮಿ.ಮೀ. ಆದರೆ ಬಿಗಿತ ಮೂರನೇ ಒಂದು ಭಾಗಕ್ಕೂ ಕೆಳಗೆ ಕುಸಿಯುತ್ತದೆ. ಆ ಕಿಟ್‌ಗಳನ್ನು ನಾವು ಯಾರಿಗೂ ಸೂಚಿಸುವುದಿಲ್ಲ.

ನಮ್ಮ ಅಂದಾಜಿನಲ್ಲಿ, 5 ಕೆ.ಜಿ.ಗೆ ಕೊಲೆಟ್ ಬಳಿ 0.3 ಮಿ.ಮೀ. ಒಳಗೆ ಬಂದರೆ ಮರದ ಕೆಲಸ ತೆಳು ಪಾಸ್‌ಗಳಲ್ಲಿ (ಒಂದು ಸಲಕ್ಕೆ ಸ್ವಲ್ಪವೇ ಕತ್ತರಿಸುತ್ತಾ) ನಡೆಯುತ್ತದೆ. ಅಲ್ಯೂಮಿನಿಯಂಗೆ 0.1 ಒಳಗೆ ಬಂದರೆ ನೆಮ್ಮದಿ.

ಪ್ರಶ್ನೆ: ಬೆಲ್ಟ್‌ನಿಂದ ಓಡುವ ಯಂತ್ರ, ವಿ-ಚಕ್ರಗಳು. ನೇರ ಅಂಚಿನಲ್ಲೂ ಒಂದೇ ಅಂತರದ ಗೆರೆಗಳು ಮೂಡುತ್ತವೆ. ಇದು ಸ್ಪಿಂಡಲ್‌ನ ತೊಂದರೆಯೋ, ಬೆಲ್ಟ್‌ನದೋ?

ಉತ್ತರ: ಗೆರೆಗಳ ಅಂತರ ಅಳೆದರೆ ಉತ್ತರ ಅಲ್ಲೇ ಸಿಗುತ್ತದೆ. ಹತ್ತು ಗೆರೆಗಳ ಉದ್ದ ಅಳೆದು ಹತ್ತರಿಂದ ಭಾಗಿಸಿ. ಆಮೇಲೆ ಅದೇ ತುಂಡಿನಲ್ಲಿ ಫೀಡ್ (ಬಿಟ್ ಮುಂದೆ ಸಾಗುವ ವೇಗ) ಮಾತ್ರ ಬದಲಿಸಿ ಇನ್ನೊಂದು ಅಂಚು ಕತ್ತರಿಸಿ.

ಫೀಡ್ ಹೆಚ್ಚಿಸಿದಾಗ ಅಂತರವೂ ಹೆಚ್ಚಿದರೆ ಯಂತ್ರದ ಮೈ ತನ್ನ ಸಹಜ ಆವರ್ತನದಲ್ಲಿ ನಡುಗುತ್ತಿದೆ. ನಿಮಿಷಕ್ಕೆ 1200 ಮಿ.ಮೀ. ಎಂದರೆ ಸೆಕೆಂಡಿಗೆ 20. ಗೆರೆಗಳ ಅಂತರ 1 ಮಿ.ಮೀ. ಇದ್ದರೆ ನಡುಕ 20 ಹರ್ಟ್ಜ್. 1800ಕ್ಕೆ ಏರಿಸಿದಾಗ ಅಂತರ 1.5 ಆದರೆ ಮತ್ತೆ ಅದೇ 20 ಹರ್ಟ್ಜ್. ಇಷ್ಟು ಕಡಿಮೆ ಆವರ್ತನ ಬಿಟ್ಟಿನದಲ್ಲ, ಸ್ಪಿಂಡಲ್‌ನದೂ ಅಲ್ಲ. 18,000 ಆರ್‌ಪಿಎಂ ಸ್ಪಿಂಡಲ್ ಸೆಕೆಂಡಿಗೆ 300 ಸುತ್ತು ತಿರುಗುತ್ತದೆ. ನಡುಗುತ್ತಿರುವುದು ಗ್ಯಾಂಟ್ರಿ, ಇಲ್ಲವೇ ಯಂತ್ರ ಕೂತ ಮೇಜು.

ಫೀಡ್ ಬದಲಿಸಿದರೂ ಅಂತರ ಹಾಗೇ ಉಳಿದರೆ ಗೆರೆ ಹುಟ್ಟುವುದು ಚಲನೆಯ ಭಾಗಗಳಲ್ಲಿ. 2 ಮಿ.ಮೀ. ಬಂದರೆ ಜಿಟಿ2 ಬೆಲ್ಟ್‌ನ ಹಲ್ಲು. 40 ಮಿ.ಮೀ.ಗೊಮ್ಮೆ ಬಂದರೆ 20 ಹಲ್ಲಿನ ಪುಲ್ಲಿ ಅಡ್ಡಾದಿಡ್ಡಿ ತಿರುಗುತ್ತಿದೆ. 75 ಮಿ.ಮೀ. ಆಸುಪಾಸು ಇದ್ದರೆ ಅದು 24 ಮಿ.ಮೀ. ವ್ಯಾಸದ ವಿ-ಚಕ್ರದ ಒಂದು ಸುತ್ತು, ಚಕ್ರದಲ್ಲಿ ಚಪ್ಪಟೆ ಬಿದ್ದಿದೆ. ಸ್ಕ್ರೂ ಇರುವ ಯಂತ್ರಗಳಲ್ಲಿ 8 ಮಿ.ಮೀ. ಬಂದರೆ ನಾಲ್ಕು ಎಳೆಯ ಟಿ8 ಸ್ಕ್ರೂ ಬಾಗಿದೆ, 5 ಮಿ.ಮೀ. ಆದರೆ 1605 ಬಾಲ್ ಸ್ಕ್ರೂ.

2 ಮಿ.ಮೀ. ಗೆರೆಗೆ ಮಾಮೂಲು ಕಾರಣ, ಬೆಲ್ಟ್‌ನ ಹಲ್ಲಿನ ಮೈ ನುಣುಪಾದ ಐಡ್ಲರ್ (ಬೆಲ್ಟನ್ನು ತಿರುವುವ ಬಿಡಿ ಚಕ್ರ) ಮೇಲೆ ಓಡುವುದು. ಅಲ್ಲಿ ಹಲ್ಲಿರುವ ಐಡ್ಲರ್ ಹಾಕಿ, ಅಥವಾ ಬೆಲ್ಟ್‌ನ ಬೆನ್ನು ತಾಗುವಂತೆ ದಾರಿ ಬದಲಿಸಿ. ಬೆಲ್ಟನ್ನು ಅತಿಯಾಗಿ ಬಿಗಿದರೂ ಗೆರೆ ಎದ್ದು ಕಾಣುತ್ತದೆ. ಪುಲ್ಲಿಯ ಗ್ರಬ್ ಸ್ಕ್ರೂ ಶಾಫ್ಟ್‌ನ ಚಪ್ಪಟೆ ಭಾಗಕ್ಕೇ ಕೂತಿದೆಯೇ ಎಂದೂ ನೋಡಿ, ಒಂದು ಹನಿ ಥ್ರೆಡ್ ಲಾಕರ್ ಹಾಕಿ.

ಮೂಲೆ ತಿರುಗಿದ ತಕ್ಷಣ ಗೆರೆ ಜೋರಾಗಿ ಕಂಡು ಕ್ರಮೇಣ ಅಳಿಸಿಹೋಗುತ್ತಿದ್ದರೆ ಅದು ವೇಗೋತ್ಕರ್ಷದ ಹೊಡೆತ. ಜಿಆರ್‌ಬಿಎಲ್‌ನ $120 ಮತ್ತು $121 ಅರ್ಧಕ್ಕೆ ಇಳಿಸಿ ನೋಡಿ. ಕೆಲಸದ ಹೊತ್ತು ಅಷ್ಟೇನೂ ಹೆಚ್ಚುವುದಿಲ್ಲ.

ಪ್ರಶ್ನೆ: ವಿ-ಚಕ್ರಗಳನ್ನು ಎಷ್ಟು ಬಿಗಿ ಮಾಡಬೇಕು?

ಉತ್ತರ: ಕ್ಯಾರೇಜನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು ಇನ್ನೊಂದು ಕೈಯ ಬೆರಳಿನಿಂದ ಚಕ್ರ ತಿರುಗಿಸಿ. ಕಷ್ಟಪಟ್ಟು ಜಾರಬೇಕು, ಸಲೀಸಾಗಿ ತಿರುಗಬಾರದು, ಅಚ್ಚೊತ್ತಿದಂತೆ ನಿಲ್ಲಲೂ ಬಾರದು. ಎಕ್ಸೆಂಟ್ರಿಕ್ ನಟ್ಟನ್ನು (ತಿರುಗಿಸಿದರೆ ಚಕ್ರವನ್ನು ಹಳಿಗೆ ಒತ್ತುವ ನಟ್) ಒಂದು ಸಲಕ್ಕೆ ಸ್ವಲ್ಪವೇ ತಿರುಗಿಸಿ. ಅತಿ ಬಿಗಿದು ಯಂತ್ರವನ್ನು ವಾರಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲಿಸಿದರೆ ಪ್ಲಾಸ್ಟಿಕ್ ಚಕ್ರ ಚಪ್ಪಟೆಯಾಗುತ್ತದೆ.

ಪ್ರಶ್ನೆ: ಅಲ್ಯೂಮಿನಿಯಂ ಕತ್ತರಿಸುವಾಗ ಕಿವಿ ಕಿವುಡಾಗುವಂತೆ ಕಿರುಚುತ್ತದೆ. 6 ಮಿ.ಮೀ. ನಾಲ್ಕು ಫ್ಲೂಟ್ (ಕತ್ತರಿಸುವ ಹಲ್ಲು) ಎಂಡ್‌ಮಿಲ್ ಬಿಟ್, 24,000 ಆರ್‌ಪಿಎಂ, ಫೀಡ್ ನಿಮಿಷಕ್ಕೆ 300 ಮಿ.ಮೀ. ಫೀಡ್ ಇನ್ನೂ ಇಳಿಸಿದರೆ ಕಿರುಚುವುದು ಹೆಚ್ಚುತ್ತದೆ, ಬಿಟ್ಟಿಗೆ ಲೋಹ ಮೆತ್ತಿಕೊಳ್ಳುತ್ತದೆ. ಯಂತ್ರ ಅಷ್ಟು ದುರ್ಬಲವೇ?

ಉತ್ತರ: ಯಂತ್ರವನ್ನು ಬೈಯುವ ಮೊದಲು ಅಂಕಿಗಳನ್ನು ನೋಡಿ. ಫೀಡನ್ನು ಆರ್‌ಪಿಎಂ ಮತ್ತು ಫ್ಲೂಟ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಒಂದೊಂದು ಹಲ್ಲು ಕಚ್ಚುವ ದಪ್ಪ ಸಿಗುತ್ತದೆ. ನಿಮ್ಮದು 300 ಭಾಗಿಸು 96,000, ಅಂದರೆ 0.003 ಮಿ.ಮೀ. ಹಲ್ಲಿನ ಅಂಚೇ ಅದಕ್ಕಿಂತ ಮೊಂಡಾಗಿರಬಹುದು. ಅಷ್ಟು ತೆಳುವಾಗಿ ಅದು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದ್ದರಿಂದ ಬಿಸಿ, ಬಿಸಿಯಿಂದ ಮೆತ್ತುವುದು, ಮೆತ್ತಿದ್ದರಿಂದ ನಡುಕ. ಫೀಡ್ ಇಳಿಸಿದಷ್ಟೂ ಹಲ್ಲು ಇನ್ನಷ್ಟು ಉಜ್ಜುತ್ತದೆ.

ಒಂದೇ ಫ್ಲೂಟ್‌ನ ಕಾರ್ಬೈಡ್ ಬಿಟ್ ಹಾಕಿ. 16,000 ಆರ್‌ಪಿಎಂ, ಹಲ್ಲಿಗೆ 0.03 ಮಿ.ಮೀ. ಎಂದರೆ ಫೀಡ್ 480. ಪೂರ್ತಿ ಅಗಲದ ತೋಡು ಕೊರೆಯುವುದಾದರೆ ಆಳ 0.2ರಿಂದ 0.3 ಮಿ.ಮೀ.ಯಿಂದ ಶುರು ಮಾಡಿ. ಬಲವನ್ನು ತಗ್ಗಿಸಬೇಕಾದಾಗ ಆಳ ಇಳಿಸಿ, ಹಲ್ಲು ಕಚ್ಚುವ ದಪ್ಪವನ್ನು ಮುಟ್ಟಬೇಡಿ. ಬಳಲುವ ಯಂತ್ರಕ್ಕೆ ಇದೊಂದೇ ನಿಯಮ ಕಲಿಸಬೇಕಾದರೆ ನಾವು ಕಲಿಸುವುದು ಇದನ್ನು.

ಪೂರ್ತಿ ಅಗಲದ ತೋಡಿಗಿಂತ ಒಳ್ಳೆಯದು ಅಡಾಪ್ಟಿವ್ ಟೂಲ್‌ಪಾತ್ (ಪಕ್ಕದಿಂದ ಸ್ವಲ್ಪಸ್ವಲ್ಪವೇ ಕಚ್ಚುವ ಹಾದಿ). ಬಿಟ್ಟಿನ ವ್ಯಾಸದ ಹತ್ತನೇ ಒಂದು ಭಾಗ, ಅಂದರೆ 0.6 ಮಿ.ಮೀ. ಮಾತ್ರ ಪಕ್ಕಕ್ಕೆ ಕಚ್ಚಿಸಿ, ಆಳ 1.5ರಿಂದ 2 ಮಿ.ಮೀ. ಇಡಬಹುದು. ಇಷ್ಟು ಕಡಿಮೆ ಪಕ್ಕದ ಕಚ್ಚಿಗೆ ಚಿಪ್‌ನ (ಕತ್ತರಿಸಿದ ಚೂರು) ನಿಜವಾದ ದಪ್ಪ ಲೆಕ್ಕದ ಶೇ. 60ಕ್ಕೆ ಇಳಿದಿರುತ್ತದೆ. ಅದನ್ನು ಸರಿದೂಗಿಸಲು ಹಲ್ಲಿಗೆ 0.05 ಕೊಡಿ, ಆಗ ಫೀಡ್ 800. ಒಳಗೆ ಇಳಿಯುವುದು ನೇರವಾಗಿ ಬೇಡ, 2-3 ಡಿಗ್ರಿ ಇಳಿಜಾರಿನ ಸುರುಳಿಯಲ್ಲಿರಲಿ. ಚಿಪ್ ಹೊರಹೋಗಲು ಗಾಳಿ ಬೀಸುತ್ತಲೇ ಇರಬೇಕು. ಒಮ್ಮೆ ಕತ್ತರಿಸಿದ ಚೂರನ್ನೇ ಮತ್ತೆ ಕತ್ತರಿಸಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಕನ್ನಡಕ ಹಾಕದೆ ಈ ಕೆಲಸಕ್ಕೆ ನಿಲ್ಲಬೇಡಿ.

ಇಷ್ಟಾದರೂ ಕಿರುಚಿದರೆ ಆರ್‌ಪಿಎಂ ಅನ್ನು ಶೇ. 10ರಂತೆ ಮೇಲೆ ಕೆಳಗೆ ಮಾಡಿ, ಫೀಡನ್ನೂ ಅದೇ ಪ್ರಮಾಣದಲ್ಲಿ. ಹಿಂದಿನ ಹಲ್ಲು ಬಿಟ್ಟ ಅಲೆಯ ಮೇಲೆ ಮುಂದಿನ ಹಲ್ಲು ಹೊಡೆದು ನಡುಕ ಬೆಳೆಯುತ್ತಾ ಹೋಗುವುದೇ ಚ್ಯಾಟರ್. ಅಲೆಗೂ ಹಲ್ಲಿಗೂ ತಾಳ ತಪ್ಪಿಸಿದರೆ ಸಾಕು, ಸದ್ದು ಒಮ್ಮೆಲೇ ನಿಲ್ಲುವುದುಂಟು. ಮೊಬೈಲ್‌ನಲ್ಲಿ ಆವರ್ತನ ತೋರಿಸುವ ಆ್ಯಪ್ ಇದ್ದರೆ ಗುರುತಿಸುವುದು ಸುಲಭ: 16,000 ಆರ್‌ಪಿಎಂಗೆ 267 ಹರ್ಟ್ಜ್ ಮತ್ತು ಅದರ ಗುಣಕಗಳಲ್ಲಿ ಕಾಣುವುದು ಸ್ಪಿಂಡಲ್ ಸುತ್ತಿನ ಸದ್ದು, ಆ ಗುಣಕಗಳಿಗೆ ಸೇರದೆ ಎದ್ದು ನಿಲ್ಲುವ ಶಿಖರ ಚ್ಯಾಟರ್.

ಬಿಟ್ ಕೊಲೆಟ್‌ನಿಂದ ಎಷ್ಟು ಹೊರಚಾಚಿದೆ ಎಂದು ನೀವು ಬರೆದಿಲ್ಲ. ಬಾಗುವುದು ಚಾಚಿದ ಉದ್ದದ ಘನಕ್ಕೆ ಏರುತ್ತದೆ: 30 ಮಿ.ಮೀ. ಇದ್ದದ್ದನ್ನು 20ಕ್ಕೆ ಇಳಿಸಿದರೆ ಬಿಟ್ಟಿನ ಬಾಗು ಮೂರನೇ ಒಂದು ಭಾಗಕ್ಕಿಂತ ಕಡಿಮೆ. 3 ಮಿ.ಮೀ. ಬಿಟ್ ಅದೇ ಉದ್ದದ 6 ಮಿ.ಮೀ. ಬಿಟ್ಟಿಗಿಂತ 16 ಪಟ್ಟು ಹೆಚ್ಚು ಬಾಗುತ್ತದೆ.

ಪ್ರಶ್ನೆ: 3.175 ಮಿ.ಮೀ. ಬಿಟ್‌ಗಳು ಪದೇಪದೇ ಮುರಿಯುತ್ತವೆ. ಸ್ಪಿಂಡಲ್ ಬರಿದೇ ತಿರುಗುವಾಗಲೂ ಕೈಗೆ ನಡುಕ ತಿಳಿಯುತ್ತದೆ. ಇಆರ್11 ಕೊಲೆಟ್.

ಉತ್ತರ: ಮೊದಲು ಬಿಟ್, ಕೊಲೆಟ್, ನಟ್ ಮೂರನ್ನೂ ತೆಗೆದು ಸ್ಪಿಂಡಲ್ ಓಡಿಸಿ. ಆಗಲೂ ನಡುಗಿದರೆ ಬೇರಿಂಗ್ ಸವೆದಿದೆ ಅಥವಾ ಶಾಫ್ಟ್ ಬಾಗಿದೆ. ನಡುಕ ನಿಂತರೆ ತೊಂದರೆ ಹಿಡಿತದಲ್ಲಿದೆ.

ಇಆರ್11 ಕೊಲೆಟ್ ತನ್ನ ಅಳತೆಗಿಂತ 0.5 ಮಿ.ಮೀ. ಮಾತ್ರ ಕುಗ್ಗಬಲ್ಲದು. 4 ಮಿ.ಮೀ. ಕೊಲೆಟ್‌ನಲ್ಲಿ 3.175 ಹಿಡಿಸಿದರೆ ಅದು ತುದಿಯಲ್ಲಷ್ಟೇ ಕಚ್ಚಿ ಬಿಟ್ ಓರೆಯಾಗುತ್ತದೆ, 3 ಮಿ.ಮೀ. ಕೊಲೆಟ್‌ಗೆ 3.175 ತುರುಕುವುದೂ ತಪ್ಪು. 3.175 ಎಂದೇ ಗುರುತಿರುವ ಕೊಲೆಟ್ ತನ್ನಿ. ಕೊಲೆಟನ್ನು ನೇರ ಸ್ಪಿಂಡಲ್‌ಗೆ ಹಾಕಿ ಮೇಲೆ ನಟ್ ತಿರುಗಿಸುವುದು ಅನೇಕರು ಮಾಡುವ ತಪ್ಪು. ಮೊದಲು ಕೊಲೆಟನ್ನು ಸ್ವಲ್ಪ ಓರೆ ಮಾಡಿ ನಟ್‌ನೊಳಗೆ ಟಕ್ ಎಂದು ಕೂರಿಸಬೇಕು, ಆಮೇಲೆ ಎರಡನ್ನೂ ಒಟ್ಟಿಗೆ ಸ್ಪಿಂಡಲ್‌ಗೆ ತಿರುಗಿಸಿ ಬಿಟ್ ಹಾಕಬೇಕು. ಇಳಿಜಾರು ಮೈಯಲ್ಲಿ ಒಂದು ಕಣ ಧೂಳಿದ್ದರೂ ಬಿಟ್ ಓರೆಯಾಗುತ್ತದೆ, ಹಾಗಾಗಿ ಒಳಮೈಯನ್ನೂ ಒರೆಸಿ.

ಈಗ ಗೇಜನ್ನು ಬಿಟ್ಟಿನ ನುಣುಪು ಶ್ಯಾಂಕ್‌ಗೆ (ಹಲ್ಲಿಲ್ಲದ ಭಾಗ), ಕೊಲೆಟ್‌ನಿಂದ 10 ಮಿ.ಮೀ. ಕೆಳಗೆ, ತಾಗಿಸಿ ಕೈಯಿಂದ ಸ್ಪಿಂಡಲ್ ತಿರುಗಿಸಿ. ಮುಳ್ಳಿನ ಏರಿಳಿತ 0.02 ಒಳಗಿದ್ದರೆ ಚೆನ್ನ. 0.05 ದಾಟಿದರೆ ಎರಡು ಫ್ಲೂಟ್ ಬಿಟ್ಟಿನ ಒಂದೇ ಫ್ಲೂಟ್ ದುಡಿಯುತ್ತದೆ; ಹಲ್ಲಿಗೆ 0.02 ಎಂದು ನೀವು ಲೆಕ್ಕ ಹಾಕಿದ್ದು ಅದಕ್ಕೆ 0.04 ಆಗಿ ಬೀಳುತ್ತದೆ. ತೆಳು ಬಿಟ್ ಮುರಿಯಲು ಅಷ್ಟೇ ಸಾಕು. ಕೊಲೆಟನ್ನು ಕಾಲು ಕಾಲು ಸುತ್ತು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಏರಿಳಿತದ ಉಚ್ಚ ಬಿಂದು ಕೊಲೆಟ್ ಜೊತೆಗೇ ಸುತ್ತಿದರೆ ಕೊಲೆಟ್ ಬದಲಿಸಿ. ಶಾಫ್ಟ್‌ನ ಒಂದೇ ಜಾಗದಲ್ಲಿ ನಿಂತರೆ ಹೊಸ ಕೊಲೆಟ್ ತಂದು ಲಾಭವಿಲ್ಲ.

ಪ್ರಶ್ನೆ: ದುಂಡು ಸರಳು ತೆಗೆದು 15 ಮಿ.ಮೀ. ಲೀನಿಯರ್ ರೈಲ್ ಹಾಕಿದೆ. ಆದರೂ ವೈ ದಿಕ್ಕಿನಲ್ಲಿ ಬಿಟ್ ಹಿಂದಕ್ಕೆ ಮುಂದಕ್ಕೆ ಬಳುಕುತ್ತದೆ. ಗ್ಯಾಂಟ್ರಿ ಸಿ-ಬೀಮ್. ಒಳಗೆ ಎಪಾಕ್ಸಿ-ಮರಳು ತುಂಬಲೇ?

ಉತ್ತರ: ರೈಲ್ ತಪ್ಪಲ್ಲ, ಆದರೆ ರೈಲ್ ಕೂತಿರುವ ತೊಲೆ ತಿರುಚಿಕೊಳ್ಳುತ್ತಿದೆ. ಸಿ ಆಕಾರದಂಥ ತೆರೆದ ಪ್ರೊಫೈಲ್ ಬಾಗುವುದಕ್ಕೆ ಗಟ್ಟಿ, ತಿರುಚುವುದಕ್ಕೆ ಬಲು ಮೆದು. ಅದೇ ಗೋಡೆ ದಪ್ಪದ ಮುಚ್ಚಿದ ಪೆಟ್ಟಿಗೆ ಆಕಾರ ತಿರುಚನ್ನು ಹತ್ತಾರು ಪಟ್ಟು ತಡೆಯುತ್ತದೆ. ಆದ್ದರಿಂದ ತೆರೆದ ಬದಿಯನ್ನು 6 ಮಿ.ಮೀ. ಅಲ್ಯೂಮಿನಿಯಂ ಹಲಗೆಯಿಂದ ಮುಚ್ಚಿ, ಪ್ರತಿ 50 ಮಿ.ಮೀ.ಗೆ ಒಂದು ಎಂ5 ಬೋಲ್ಟ್. ನಾಲ್ಕು ಮೂಲೆಗೆ ಮಾತ್ರ ಬೋಲ್ಟ್ ಹಾಕಿದರೆ ಹಲಗೆ ಜಾರುತ್ತದೆ, ಪೆಟ್ಟಿಗೆ ಆಗುವುದಿಲ್ಲ. ಟಿ-ನಟ್‌ಗಳು ಪ್ರೊಫೈಲ್‌ನ ತೋಡಿನಲ್ಲಿ ಪೂರ್ತಿ ಅಡ್ಡ ತಿರುಗಿವೆಯೇ ಎಂದು ನೋಡಿ, 4ರಿಂದ 5 ನ್ಯೂಟನ್-ಮೀಟರ್‌ಗೆ ಬಿಗಿಯಿರಿ.

ಅದಕ್ಕೂ ಮೊದಲು ಖರ್ಚಿಲ್ಲದ ಕೆಲಸವೊಂದಿದೆ. ಗ್ಯಾಂಟ್ರಿಯಿಂದ ಬಿಟ್ಟಿನ ತುದಿ ಎಷ್ಟು ಕೆಳಗೆ ಚಾಚುತ್ತದೆ ಎಂದು ಅಳೆಯಿರಿ. ತಿರುಚಿನಿಂದಾಗುವ ಬಳುಕು ಆ ದೂರದ ವರ್ಗಕ್ಕೆ ಏರುತ್ತದೆ, ಏಕೆಂದರೆ ಸನ್ನೆಯ ಉದ್ದ ಹೆಚ್ಚಿದಾಗ ತಿರುಚುವ ಬಲವೂ ಹೆಚ್ಚುತ್ತದೆ, ಅದೇ ಕೋನಕ್ಕೆ ತುದಿ ಸರಿಯುವ ದೂರವೂ ಹೆಚ್ಚುತ್ತದೆ. 120 ಮಿ.ಮೀ. ಇದ್ದದ್ದು 70ಕ್ಕೆ ಇಳಿದರೆ ಬಳುಕು ಸುಮಾರು ಮೂರನೇ ಒಂದು ಭಾಗ. ಕತ್ತರಿಸುವ ವಸ್ತುವಿನ ಕೆಳಗೆ ಎಂಡಿಎಫ್ (ಮರದ ನಾರಿನ) ಹಲಗೆಗಳನ್ನು ಅಂಟಿಸಿ ಎತ್ತರಿಸಿ, ಝಡ್ ಮೇಲೆಯೇ ಉಳಿಯಲಿ. ತೆಳು ವಸ್ತುಗಳನ್ನೇ ಕತ್ತರಿಸುವವರು 80 ಮಿ.ಮೀ. ಖಾಲಿ ಜಾಗ ಬಿಟ್ಟುಕೊಂಡಿರುವುದಕ್ಕೆ ಅರ್ಥವಿಲ್ಲ.

ಕ್ಯಾರೇಜ್ ಬ್ಲಾಕ್‌ಗಳ ನಡುವಿನ ಅಂತರವನ್ನೂ ನೋಡಿ. 40 ಮಿ.ಮೀ. ಅಂತರವನ್ನು 80 ಮಾಡಿದರೆ ಓಲಾಡುವುದನ್ನು ತಡೆಯುವ ಶಕ್ತಿ ನಾಲ್ಕು ಪಟ್ಟು. ಝಡ್‌ನಲ್ಲಿ 3ಡಿ ಮುದ್ರಿತ ಭಾಗವಿದ್ದರೆ ಅದನ್ನು ಮೊದಲು ಕಿತ್ತುಹಾಕಿ; ಮುದ್ರಣದ ಪ್ಲಾಸ್ಟಿಕ್ ಪಿಎಲ್‌ಎ ಅಲ್ಯೂಮಿನಿಯಂಗಿಂತ ಸುಮಾರು 20 ಪಟ್ಟು ಮೆದು, ಬೋಲ್ಟ್‌ನ ಒತ್ತಡಕ್ಕೆ ಕಾಲಕ್ರಮೇಣ ಕುಸಿಯುತ್ತದೆ ಕೂಡ.

ಎಪಾಕ್ಸಿ-ಮರಳು ನಡುಕವನ್ನು ಹೀರುತ್ತದೆ, ತೂಕ ಕೊಡುತ್ತದೆ. ಎಳೆದು ನೋಡುವ ಪರೀಕ್ಷೆಯ ಅಂಕಿಯನ್ನು ಹೆಚ್ಚೇನೂ ಬದಲಿಸುವುದಿಲ್ಲ. ಗಟ್ಟಿಯಾದ ಮೇಲೆ ಬಿಚ್ಚಲೂ ಆಗದು. ಉಳಿದದ್ದೆಲ್ಲ ಮುಗಿದ ಮೇಲೆ ಬೇಕಿದ್ದರೆ ಮಾಡಿ, ಮತ್ತು ಗ್ಯಾಂಟ್ರಿ ಭಾರವಾದಷ್ಟೂ ವೇಗೋತ್ಕರ್ಷ ಇಳಿಸಿ, ಇಲ್ಲವಾದರೆ ಮೋಟರ್ ಹೆಜ್ಜೆ ತಪ್ಪುತ್ತದೆ.

ಪ್ರಶ್ನೆ: ವೃತ್ತ ಕತ್ತರಿಸಿದರೆ ನಾಲ್ಕು ಕಡೆ ಸಣ್ಣ ಚಪ್ಪಟೆ ಬರುತ್ತದೆ. ಟಿ8 ಸ್ಕ್ರೂ, ಸ್ಪ್ರಿಂಗ್ ಇರುವ ಆ್ಯಂಟಿ-ಬ್ಯಾಕ್‌ಲ್ಯಾಷ್ ನಟ್ ಹಾಕಿದ್ದೇನೆ.

ಉತ್ತರ: ಅಕ್ಷ ದಿಕ್ಕು ಬದಲಿಸುವ ನಾಲ್ಕು ಬಿಂದುಗಳಲ್ಲೇ ಚಪ್ಪಟೆ ಬರುತ್ತಿದೆ, ಅಂದರೆ ಬ್ಯಾಕ್‌ಲ್ಯಾಷ್ (ದಿಕ್ಕು ಬದಲಿಸಿದಾಗಿನ ಸಡಿಲ). ಆ ಸ್ಪ್ರಿಂಗ್ ತನ್ನ ಒತ್ತಡದ ಮಿತಿಯವರೆಗೆ ಮಾತ್ರ ಹಿಡಿಯುತ್ತದೆ. ಕತ್ತರಿಸುವ ಬಲ ಅದನ್ನು ಮೀರಿದರೆ ಕುಗ್ಗಿಬಿಡುತ್ತದೆ. ಆದರೂ ನಟ್‌ಗಿಂತ ಮೊದಲು ಸ್ಕ್ರೂವನ್ನೇ ಹಿಡಿದು ಉದ್ದಕ್ಕೆ ತಳ್ಳಿ ಎಳೆದು ನೋಡಿ. ಹಲವು ಯಂತ್ರಗಳಲ್ಲಿ ಸ್ಕ್ರೂವನ್ನು ಉದ್ದಕ್ಕೆ ತಡೆಯುವುದು ಮೋಟರ್ ಶಾಫ್ಟ್ ಒಂದೇ, ಅದೂ ಸುರುಳಿ ಕೊಯ್ದ ಕಪ್ಲಿಂಗ್‌ನ ಮೂಲಕ. ಆ ಕಪ್ಲಿಂಗ್ ಉದ್ದಕ್ಕೆ ಸ್ಪ್ರಿಂಗೇ ಸರಿ. ಸ್ಕ್ರೂವಿನ ತುದಿಯ ಬೇರಿಂಗ್ ಬ್ಲಾಕ್‌ನ ಎರಡೂ ಬದಿಗೆ 8 ಮಿ.ಮೀ. ಥ್ರಸ್ಟ್ ಬೇರಿಂಗ್ ಇಟ್ಟು, ಲಾಕ್ ಕಾಲರ್‌ಗಳಿಂದ ಒತ್ತಿ ಬಿಗಿಯಿರಿ. ಇದನ್ನು ಒಂದು ತುದಿಯಲ್ಲಿ ಮಾತ್ರ ಮಾಡಿ.

ಮಿಕ್ಕ ಸಡಿಲಕ್ಕೆ ಕತ್ತರಿಸುವ ದಿಕ್ಕು ನೆರವಾಗುತ್ತದೆ. ಕ್ಲೈಂಬ್ ದಿಕ್ಕಿನಲ್ಲಿ ಬಿಟ್ ತನ್ನನ್ನು ತಾನೇ ವಸ್ತುವಿನೊಳಗೆ ಎಳೆದುಕೊಳ್ಳುತ್ತದೆ, ಸಡಿಲವಿದ್ದಷ್ಟು ಮುಂದಕ್ಕೆ ಜಿಗಿಯುತ್ತದೆ. ಒರಟು ಪಾಸ್‌ಗಳನ್ನು ಕನ್ವೆನ್ಶನಲ್ (ಅದರ ವಿರುದ್ಧ) ದಿಕ್ಕಿನಲ್ಲಿ ಮುಗಿಸಿ 0.2 ಮಿ.ಮೀ. ಉಳಿಸಿ, ಕೊನೆಯ ಪಾಸ್ ಮಾತ್ರ ಕ್ಲೈಂಬ್ ಇಡಿ.

ಪ್ರಶ್ನೆ: ಏನನ್ನೂ ಕತ್ತರಿಸದೆ ನಿಧಾನ ಚಲಿಸುವಾಗಲೇ ಯಂತ್ರ ಗುಂಯ್ ಎಂದು ನಡುಗುತ್ತದೆ. ವೇಗ ಹೆಚ್ಚಿಸಿದರೆ ನಿಲ್ಲುತ್ತದೆ.

ಉತ್ತರ: ಸ್ಟೆಪ್ಪರ್ ಮೋಟರ್‌ನ ಅನುರಣನ. ಮೈಕ್ರೋಸ್ಟೆಪ್ (ಮೋಟರ್‌ನ ಒಂದು ಹೆಜ್ಜೆಯನ್ನು ಒಡೆಯುವ ಪ್ರಮಾಣ) 1/8 ಅಥವಾ 1/16ಕ್ಕೆ ಏರಿಸಿ, ಜೊತೆಗೆ ಮಿಲಿಮೀಟರ್‌ಗೆ ಎಷ್ಟು ಹೆಜ್ಜೆ ಎಂಬುದನ್ನೂ ತಿದ್ದಿ: 8 ಮಿ.ಮೀ. ಲೀಡ್‌ನ (ಒಂದು ಸುತ್ತಿಗೆ ಸಾಗುವ ದೂರ) ಸ್ಕ್ರೂಗೆ 1/8ರಲ್ಲಿ 200, 1/16ರಲ್ಲಿ 400. ಡ್ರೈವರ್‌ನ ಕರೆಂಟ್ ಮೋಟರ್‌ನ ಮಿತಿ ಮೀರಿದ್ದರೆ ಇಳಿಸಿ. ಟಿಬಿ6600 ಇದ್ದರೆ ಡಿಜಿಟಲ್ ಡಿಎಂ542ಗೆ ಬದಲಾಯಿಸಿದಾಗ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಪ್ರಶ್ನೆ: 3 ಮಿ.ಮೀ. ಪ್ಲೈವುಡ್ ಹಾಳೆಯಲ್ಲಿ ಅಂಚಿನ ಬಳಿ ಚೆನ್ನಾಗಿ ಬರುತ್ತದೆ, ನಡುವೆ ಬಂದಾಗ ಜೋರು ಸದ್ದು, ಸಿಬಿರು ಏಳುತ್ತದೆ.

ಉತ್ತರ: ಯಂತ್ರ ಸರಿಯಾಗಿದೆ, ಹಾಳೆ ಎದ್ದು ಬೀಳುತ್ತಿದೆ. ಅಂಚಿಗೆ ಕ್ಲಾಂಪ್ ಹಾಕಿದ ತೆಳು ಹಾಳೆ ನಡುವೆ ತಮಟೆಯ ಚರ್ಮದಂತೆ ಬಡಿದುಕೊಳ್ಳುತ್ತದೆ. ಅಪ್‌ಕಟ್ ಬಿಟ್ ಅದನ್ನು ಮೇಲಕ್ಕೂ ಎಳೆಯುತ್ತದೆ. ಬೆಡ್‌ನ ಎಂಡಿಎಫ್‌ಗೂ ಹಾಳೆಯ ಕೆಳಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪ್‌ಗಳ ನಡುವೆ ಸೂಪರ್ ಗ್ಲೂ ಹಾಕಿ ಒತ್ತಿ. ಬಿಟ್ ಹಾದುಹೋಗುವ ಗೆರೆಯ ಎರಡೂ ಪಕ್ಕ ಅಂಟು ಇರಬೇಕು. ಡೌನ್‌ಕಟ್ (ಕೆಳಕ್ಕೆ ಒತ್ತುವ) ಬಿಟ್ ಬಳಸಿದರೆ ಮೇಲ್ಮೈಯ ಸಿಬಿರೂ ನಿಲ್ಲುತ್ತದೆ, ಆದರೆ ಚೂರು ತೋಡಿನಲ್ಲೇ ಉಳಿಯುವುದರಿಂದ ಒಂದೇ ಸಲಕ್ಕೆ 1.5 ಮಿ.ಮೀ.ಗಿಂತ ಆಳಕ್ಕೆ ಹೋಗಬೇಡಿ, ವ್ಯಾಕ್ಯೂಮ್ ಪೈಪನ್ನು ಬಿಟ್ಟಿನ ಪಕ್ಕದಲ್ಲೇ ಹಿಡಿಸಿ.